ಕಿಸೆಯದ್ದೋ, ಕುತ್ತಿಗೆಯದ್ದೋ?

ಅಡಿಕೆಗೆ ಒಳ್ಳೇ ಧಾರಣೆ ಬಂದ ವರ್ಷ ನಮ್ಮ ಬಸರೀಕಟ್ಟೆ ಕಡೆ ಜೀಪಿನ ಮಾತು ಏಳುತ್ತದೆ, ತಾರಸಿ ಮನೆಯ ಮಾತು ಏಳುತ್ತದೆ. ಇವೆರಡೂ ಹಿರಿಯರ ಪಾಲು. ಹುಡುಗರ ಪಾಲಿಗೆ ಉಳಿಯುವುದು ಕ್ಯಾಮೆರಾ. ಜೀಪು ತರುವವರು ಯಾರನ್ನೂ ಕೇಳುವುದಿಲ್ಲ, ಸೀದಾ ಹೋಗಿ ತಂದು ಅಂಗಳದಲ್ಲಿ ನಿಲ್ಲಿಸಿ ಚಕ್ರದ ಅಡಿಗೆ ನಿಂಬೆಹಣ್ಣು ಇಡುತ್ತಾರೆ. ಕ್ಯಾಮೆರಾ ಕೊಳ್ಳುವವನು ಮಾತ್ರ ಕೊಪ್ಪದಿಂದ ಜಯಪುರದವರೆಗೆ ಸಿಕ್ಕಿದವರನ್ನೆಲ್ಲ ಕೇಳುತ್ತಾನೆ. ಸಿಕ್ಕಿದವರೆಲ್ಲ ಹೇಳುತ್ತಾರೆ ಕೂಡ. ಹಾಗೆ ಹೇಳುವವರಲ್ಲಿ ಮುಕ್ಕಾಲು ಪಾಲು ಜನ ಜೀವಮಾನದಲ್ಲಿ ಕ್ಯಾಮೆರಾ ಹಿಡಿದವರಲ್ಲ. ಅದಕ್ಕೇ ಅವರ ಸಲಹೆಯಲ್ಲಿ ಅಷ್ಟು ಖಚಿತತೆ.

ಈ ಸಲ ಅಕ್ಕನ ಮಗ ನನ್ನ ಬುಡಕ್ಕೇ ಬಂದ. "ಮಾವ, ಕಿಸೆಗೆ ಹಾಕ್ಕೊಳ್ಳೋ ಸಣ್ಣ ಕ್ಯಾಮೆರಾ ತಗೊಳ್ಳಲಾ, ಡಿಎಸ್‌ಎಲ್‌ಆರ್ ತಗೊಳ್ಳಲಾ?"

"ಎಂತ ತೆಗೀತೀಯ ಮಾರಾಯ?"

"ಎಲ್ಲ."

ಈ 'ಎಲ್ಲ'ವನ್ನು ಬಿಡಿಸಿ ಹೇಳಿಸಿದೆ. ಮಂಗಟ್ಟೆ ಹಕ್ಕಿ, ಕಿಗ್ಗದ ಹತ್ತಿರದ ಸಿರಿಮನೆ ಜಲಪಾತ, ಶೃಂಗೇರಿಯ ವಿದ್ಯಾಶಂಕರ ದೇವಸ್ಥಾನದ ಹೊರಗೋಡೆಯ ಶಿಲ್ಪ, ತುಂಗೆಯ ಮೀನು, ಕಾಫಿ ಹೂವು, ತಂಗಿಯ ಮದುವೆ. ಇಷ್ಟನ್ನೂ ಒಂದೇ ಡಬ್ಬಿ ಮಾಡಬೇಕು, ಅದೂ ಅವನಪ್ಪ ಕೊಡುವ ದುಡ್ಡಿನಲ್ಲಿ.

ಅಂಗಡಿಯವರು ಮೊದಲು ಬಾಯಿಗೆ ಹಾಕುವುದು ಮೆಗಾಪಿಕ್ಸೆಲ್ಲನ್ನು. "ಇದರಲ್ಲಿ 20 ಸಾರ್, ಅದರಲ್ಲಿ 24." ನಾಲ್ಕರ ವ್ಯತ್ಯಾಸಕ್ಕೆ ಇಷ್ಟು ದುಡ್ಡಾ ಎಂದು ನಮ್ಮವನಿಗೆ ಕಸಿವಿಸಿ. ವ್ಯತ್ಯಾಸ ಇರುವುದು ಅಲ್ಲಲ್ಲ. ಸಾಮಾನ್ಯ ಕಿಸೆ ಕ್ಯಾಮೆರಾದ ಸೆನ್ಸರ್ ಸುಮಾರು 6 ಮಿಲಿಮೀಟರ್ ಅಗಲ, ನಾಲ್ಕೂವರೆ ಎತ್ತರ. ಕಿರುಬೆರಳಿನ ಉಗುರಿಗೂ ಚಿಕ್ಕದು. ನಿಕಾನಿನ ಆರಂಭದ ದರ್ಜೆಯ ಡಿಎಸ್‌ಎಲ್‌ಆರ್‌ನಲ್ಲಿ ಅದು ಸುಮಾರು 23.5ಕ್ಕೆ 15.6 ಮಿಲಿಮೀಟರ್. ವಿಸ್ತೀರ್ಣ ಲೆಕ್ಕ ಹಾಕಿದರೆ 13 ಪಟ್ಟು. ಅಷ್ಟೇ ಅಡಿಕೆಯನ್ನು ಗೆರಸಿಯಲ್ಲಿ ಗುಡ್ಡೆ ಹಾಕುವುದಕ್ಕೂ ಅಂಗಳದ ತುಂಬ ಹರಡುವುದಕ್ಕೂ ಇರುವ ವ್ಯತ್ಯಾಸ ಇದು: ಬಿಸಿಲು ಜೋರಿದ್ದರೆ ಎರಡೂ ಒಣಗುತ್ತವೆ, ಮೋಡ ಕವಿದಾಗ ಗೆರಸಿಯದ್ದು ಕೆಡುತ್ತದೆ. ಆಷಾಢದ ಮಧ್ಯಾಹ್ನ ಮೂರು ಗಂಟೆಗೇ ದೀಪ ಹಚ್ಚಬೇಕಾದ ನಮ್ಮ ಅಡುಗೆಮನೆಯಲ್ಲಿ ಸಣ್ಣ ಕ್ಯಾಮೆರಾ ಹಿಡಿದು ನೋಡಿ. ಅಜ್ಜಿಯ ಮುಖಕ್ಕೆ ರವೆ ಎರಚಿದ ಹಾಗೆ ಕಾಣುತ್ತದೆ.

ಹಾಗಾದರೆ ದೊಡ್ಡದೇ ಸೈ ಎಂದು ಹುಡುಗ ಎದ್ದೇಬಿಟ್ಟ. ಕೂರಿಸಿದೆ.

ಡಿಎಸ್‌ಎಲ್‌ಆರ್ ಜೊತೆ ಪೆಟ್ಟಿಗೆಯಲ್ಲಿ ಬರುವ ಲೆನ್ಸು 18-55. ಅದು ಮನೆ ಮಂದಿಗೆ, ದೇವಸ್ಥಾನಕ್ಕೆ, ಗುಡ್ಡದ ನೋಟಕ್ಕೆ ಚೆನ್ನ. ಹಕ್ಕಿಗೆ? ತೋಟದಾಚೆಯ ಗೋಳಿ ಮರದಲ್ಲಿ ಹಣ್ಣಾದಾಗ ಮಂಗಟ್ಟೆ ಬಂದು ಕೂರುತ್ತದೆ. ಹುಡುಗ ಅರ್ಧ ಕೆಜಿಗೂ ಮಿಕ್ಕಿದ ಯಂತ್ರವನ್ನು ಕಣ್ಣಿಗೆ ಒತ್ತಿ, ಲೆನ್ಸನ್ನು ಪೂರ್ತಿ ತಿರುಗಿಸಿ, ಉಸಿರು ಬಿಗಿಹಿಡಿದು ಒತ್ತುತ್ತಾನೆ. ಒಳಗಿನ ಕನ್ನಡಿ ಚಟಕ್ ಎಂದು ಮೇಲೆದ್ದು ಇಳಿಯುತ್ತದೆ. ಫೋಟೊದಲ್ಲಿ ಮರ ಪೂರ್ತಿ ಬಂದಿರುತ್ತದೆ, ಪಕ್ಕದ ಮನೆಯ ಹಂಚೂ ಬಂದಿರುತ್ತದೆ, ಹಕ್ಕಿ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬೇಕಾಗುತ್ತದೆ. ನಮ್ಮ ಘಟ್ಟದ ಬೂದು ಮಂಗಟ್ಟೆಯ ಕೂಗಂತೂ ಯಾರೋ ಬಿದ್ದು ಬಿದ್ದು ನಗುವ ಹಾಗಿರುತ್ತದೆ. ಆ ಹೊತ್ತಿಗೆ ಸರಿಯಾಗಿ ಅದು ಕೂಗಿಬಿಟ್ಟರೆ ಬೇಜಾರು ಮಾಡಿಕೊಳ್ಳಬಾರದು.

ಅದೇ ಹೊತ್ತಿಗೆ 2018ರಲ್ಲಿ ಬಂದ ಕ್ಯಾನನ್ ಪವರ್‌ಶಾಟ್ ಎಸ್‌ಎಕ್ಸ್740ರಂಥ ಸಣ್ಣ ಡಬ್ಬಿ ಹಿಡಿದ ನೆಂಟ ಜೂಮ್ ಒತ್ತುತ್ತಾನೆ. ಮುನ್ನೂರು ಗ್ರಾಂ ಭಾರ, ನಲವತ್ತು ಪಟ್ಟು ಜೂಮ್. ಹಕ್ಕಿಯ ಕೊಕ್ಕು ತೆರೆಯ ತುಂಬ. ಬಿಸಿಲಿದ್ದರೆ ಅವನು ಗೆದ್ದ. ಇಲ್ಲದಿದ್ದರೆ ರವೆ. ಡಿಎಸ್‌ಎಲ್‌ಆರ್‌ನವನು ಗೆಲ್ಲಬೇಕಾದರೆ ಉದ್ದನೆಯ ಲೆನ್ಸು ಬೇಕು, ಅದಕ್ಕೆ ಕ್ಯಾಮೆರಾಕ್ಕೆ ಕೊಟ್ಟಷ್ಟೇ ದುಡ್ಡು ಮತ್ತೆ ಎಣಿಸಬೇಕು, ಕೆಲವಕ್ಕೆ ಅದರ ಎರಡರಷ್ಟು. ಇದನ್ನು ಕ್ಯಾಮೆರಾ ತಂದ ಮೇಲೆ ಅಪ್ಪನಿಗೆ ತಿಳಿಸುವುದು ರೂಢಿ.

ನಮ್ಮದೇ ಜಿಲ್ಲೆಯ ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿಕೊಂಡು ಹಕ್ಕಿಗಳ ಬೆನ್ನು ಹತ್ತಿದ ಪೂರ್ಣಚಂದ್ರ ತೇಜಸ್ವಿಯವರನ್ನು ಓದಿ ಮಲೆನಾಡಿನಲ್ಲಿ ಎಷ್ಟು ಕ್ಯಾಮೆರಾಗಳು ಮಾರಾಟವಾಗಿವೆಯೋ, ಕಂಪನಿಯವರು ಅವರಿಗೊಂದು ಕಮಿಷನ್ ಕೊಡಬೇಕಿತ್ತು. ಓದಿದ ನಮ್ಮ ಹುಡುಗರು ಕ್ಯಾಮೆರಾ ತಂದರು. ಹಕ್ಕಿಗಾಗಿ ಪೊದೆಯೊಳಗೆ ಸದ್ದಿಲ್ಲದೆ ಕಾಯುವ ಸಹನೆಯನ್ನು ಅಂಗಡಿಯವರು ಪೆಟ್ಟಿಗೆಯಲ್ಲಿ ಇಟ್ಟಿರಲಿಲ್ಲ. ಉಂಬಳ ಹತ್ತಿದ ಕೂಡಲೇ ಎದ್ದು ಬಂದರು.

ಸಿರಿಮನೆಯಲ್ಲಿ ಮಾತ್ರ ಡಿಎಸ್‌ಎಲ್‌ಆರ್‌ಗೆ ಮಣೆ ಹಾಕಬೇಕು. ನೀರನ್ನು ಹಾಲಿನ ಹಾಗೆ ತೋರಿಸಲು ಶಟರ್ ನಿಧಾನ ಮಾಡಬೇಕು, ಬಹಳಷ್ಟು ಸಣ್ಣ ಕ್ಯಾಮೆರಾಗಳಲ್ಲಿ ಆ ಅಧಿಕಾರ ನಮ್ಮ ಕೈಗೆ ಕೊಟ್ಟಿರುವುದಿಲ್ಲ. ಆದರೆ ಒಂದು ಗುಟ್ಟು ಹೇಳುತ್ತೇನೆ. ಡಿಎಸ್‌ಎಲ್‌ಆರ್ ಕೊಂಡವರ ಮನೆಗೆ ಹೋದಾಗ ಮೇಲಿನ ಚಕ್ರ ಎಲ್ಲಿ ನಿಂತಿದೆ ನೋಡಿ. ಹಸಿರು ಬಣ್ಣದ ಆಟೋದಲ್ಲಿ. ಅಂಗಡಿಯಲ್ಲಿ ನಿಲ್ಲಿಸಿದ್ದು, ಅಲ್ಲೇ ಇದೆ.

ಮದುವೆಗೆ ಬರುತ್ತೇನೆ, ಅಸಲು ವ್ಯತ್ಯಾಸ ತಿಳಿಯುವುದೇ ಅಲ್ಲಿ. ಕುತ್ತಿಗೆಗೆ ಡಿಎಸ್‌ಎಲ್‌ಆರ್ ಬಿದ್ದ ಕ್ಷಣದಿಂದ ನೀವು ನೆಂಟರಲ್ಲ, ಸಂಬಳವಿಲ್ಲದ ಫೋಟೊಗ್ರಾಫರ್. "ಏ ತಮ್ಮಾ, ಚಿಕ್ಕಮಗಳೂರಿನವರದ್ದೊಂದು ತೆಗಿ." "ಹುಡುಗನ ಸೋದರತ್ತೆದು ಬಂತಾ?" ಸಂಜೆವರೆಗೆ ಇದೇ ರಾಗ. ಮರ್ಯಾದೆ ಇಲ್ಲ ಅನ್ನುವ ಹಾಗಿಲ್ಲ: ಮಾಂಗಲ್ಯ ಕಟ್ಟುವ ಹೊತ್ತಿಗೆ ಭಟ್ಟರೇ ಮಂತ್ರ ತಡೆದು, ಮದುಮಗನ ಕೈಯನ್ನು ಅಲ್ಲೇ ಹಿಡಿದು, "ಬಂತಾ?" ಎಂದು ನಿಮ್ಮ ಕಡೆ ನೋಡುತ್ತಾರೆ. ಮುಹೂರ್ತ ದೊಡ್ಡ ಲೆನ್ಸಿಗಾಗಿ ಕಾಯುತ್ತದೆ. ಆದರೆ ಊಟಕ್ಕೆ ಕಡೇ ಪಂಕ್ತಿ, ಆ ಹೊತ್ತಿಗೆ ಪಾಯಸ ತಳ ಕಂಡಿರುತ್ತದೆ. ಆಲ್ಬಂ ಬಂದಾಗ ಊರಿಡೀ ಇರುತ್ತದೆ, ನೀವೊಬ್ಬರು ಇರುವುದಿಲ್ಲ. ಮದುವೆಗೆ ಬಂದೇ ಇರಲಿಲ್ಲ ಎಂದು ಹತ್ತು ವರ್ಷದ ನಂತರ ಯಾರಾದರೂ ವಾದ ಮಾಡಿದರೆ ಸಾಕ್ಷಿಯೂ ಇಲ್ಲ.

ಕಿಸೆ ಕ್ಯಾಮೆರಾದವನಿಗೆ ಈ ಮರ್ಯಾದೆ ಯಾವುದೂ ಇಲ್ಲ. "ಆ ಆಟದ ಸಾಮಾನು ಒಳಗಿಡು, ಆಚೆ ಸರಿ" ಎನ್ನುತ್ತಾರೆ. ಅವನ ಮುಂದೆ ಯಾರೂ ಸೆಟೆದು ನಿಲ್ಲುವುದಿಲ್ಲ, ಸೆರಗು ಸರಿ ಮಾಡಿಕೊಳ್ಳುವುದಿಲ್ಲ. ನಮ್ಮ ಮನೆಯ ಒಂದು ಮದುವೆಯ ಫೋಟೊಗಳಲ್ಲಿ ಈಗಲೂ ಎಲ್ಲರೂ ಕೇಳಿ ಪಡೆದು ನೋಡುವುದು ಸಣ್ಣ ಕ್ಯಾಮೆರಾದಲ್ಲಿ ಬಂದ ಒಂದನ್ನು. ದೊಡ್ಡಮ್ಮ ಪಂಕ್ತಿಯಲ್ಲಿ ಕೂತು, ಎಡಗಡೆಯವರು ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಎಲೆಯ ಮೇಲಿನ ಚಿರೋಟಿಯನ್ನು ಕರ್ಚೀಫಿಗೆ ಸುತ್ತುತ್ತಿದ್ದಾರೆ. ಬಲಗಡೆಯವರು ನೋಡುತ್ತಿರುವುದು ಫೋಟೊದಲ್ಲಿದೆ. ದೊಡ್ಡ ಕ್ಯಾಮೆರಾ ಬಂದಿದ್ದರೆ ದೊಡ್ಡಮ್ಮ ಕೈ ಜೋಡಿಸಿ ಕೂರುತ್ತಿದ್ದರು, ಚಿರೋಟಿ ಎಲೆಯಲ್ಲೇ ಉಳಿಯುತ್ತಿತ್ತು.

ಇನ್ನು ಮಳೆ. ಬೆಂಗಳೂರಿನಲ್ಲಿ ಕೂತು ಕ್ಯಾಮೆರಾ ವಿಮರ್ಶೆ ಮಾಡುವವರು ಪುನರ್ವಸು ಮಳೆ ನೋಡಿದವರಲ್ಲ. ನಮ್ಮಲ್ಲಿ ಜೂನ್ ಕಳೆಯುವುದರೊಳಗೆ ಚಪ್ಪಲಿಗೆ, ಬೆಲ್ಟಿಗೆ, ಮದುವೆಯ ಕೋಟಿಗೆ ಬೂಷ್ಟು ಬರುತ್ತದೆ. ಲೆನ್ಸಿಗೇಕೆ ಬಿಟ್ಟೀತು? ಗಾಳಿಯ ತೇವ ಏರಿದರೆ ಗಾಜಿನ ಮೇಲಿನ ಧೂಳು, ಜಿಡ್ಡನ್ನೇ ತಿಂದು ಜೇಡರ ಬಲೆಯಂಥ ಎಳೆ ಹಬ್ಬುತ್ತದೆ. ಚಂದ ಕಾಣಲಿ ಎಂದು ಚರ್ಮದ ಚೀಲದಲ್ಲಿ ಇಟ್ಟವರಿಗೆ ಇನ್ನೂ ಬೇಗ, ಚರ್ಮ ತೇವ ಹಿಡಿದಿಡುತ್ತದೆ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ನೀಲಿ ಹರಳು ಗುಲಾಬಿಯಾದರೆ ಮತ್ತೆ ಬಿಸಿ ಮಾಡಿ ಒಣಗಿಸಬೇಕು. ಅಕ್ಕಿ ಡಬ್ಬದಲ್ಲಿ ಹುಗಿಯುವುದು ಬೇಡ, ಹಿಟ್ಟು ಸಂದಿಗೆ ಹೋಗುತ್ತದೆ. ಬಚ್ಚಲ ಒಲೆಯ ಮೇಲಿನ ಅಟ್ಟವೂ ಬೇಡ. ಹಲಸಿನ ಹಪ್ಪಳಕ್ಕೆ ಆಗುವುದೆಲ್ಲ ಜಪಾನಿನ ಗಾಜಿಗೆ ಆಗುವುದಿಲ್ಲ.

ಬೂಷ್ಟು ಬಂದೇಬಿಟ್ಟರೆ ಡಿಎಸ್‌ಎಲ್‌ಆರ್‌ನ ಲೆನ್ಸು ಬಿಚ್ಚಿ ಕಳಿಸಬಹುದು. ಸಣ್ಣ ಕ್ಯಾಮೆರಾದ ಲೆನ್ಸು ಆಮೆಯ ತಲೆಯಂತೆ ಒಳಹೊರಗೆ ಓಡಾಡುವ ಜಾತಿ, ಬಿಚ್ಚಿಸುವ ಖರ್ಚಿನಲ್ಲಿ ಇನ್ನೊಂದು ಹಳೇದು ಬರುತ್ತದೆ. ಕರೆಂಟಿನ ಲೆಕ್ಕದಲ್ಲೂ ದೊಡ್ಡದೇ ಮೇಲು ಎಂದು ಒಪ್ಪುತ್ತೇನೆ. ಲೈನಿನ ಮೇಲೆ ಮರ ಬಿದ್ದು ವಾರಗಟ್ಟಲೆ ಕತ್ತಲಾಗುವ ಊರಿದು. ನಿಕಾನ್ ಡಿ3500ಕ್ಕೆ ಒಂದು ಚಾರ್ಜಿನಲ್ಲಿ 1,550 ಫೋಟೊ ಎಂದು ಕಂಪನಿಯ ಲೆಕ್ಕ, ಸಣ್ಣವಕ್ಕೆ ಸಾಮಾನ್ಯವಾಗಿ ಇನ್ನೂರು ಮುನ್ನೂರು. ಅಷ್ಟು ಫೋಟೊ ಆ ಮಳೆಯಲ್ಲಿ ಎಂತದ್ದು ತೆಗೆಯುವುದು ಎಂದು ಮಾತ್ರ ಕೇಳಬೇಡಿ.

ನಮ್ಮ ಅಪ್ಪಂದಿರ ಕಾಲದಲ್ಲಿ ಈ ಜಿಜ್ಞಾಸೆ ಇರಲಿಲ್ಲ. ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3, ಒಂದು ರೋಲಿಗೆ 12 ಚಿತ್ರ. ಹನ್ನೆರಡರಲ್ಲಿ ಒಂದನ್ನು ಹಸುವಿಗೆ ಖರ್ಚು ಮಾಡಿದರೆ ಮನೆಯಲ್ಲಿ ವಿಚಾರಣೆ. ಆಮೇಲೆ ಯಾಶಿಕಾ ಎಂಎಫ್-2 ಬಂತು, 36 ಚಿತ್ರ, ಫ್ಲಾಶ್ ಬೇರೆ. ಹಸುವಿಗೂ ಕರುವಿಗೂ ಧಾರಾಳ.

ಈಗಿನ ತಮಾಷೆ ಏನೆಂದರೆ, ನಮ್ಮ ಹುಡುಗ ತಲೆ ಕೆಡಿಸಿಕೊಂಡಿರುವ ಎರಡೂ ವಸ್ತುಗಳನ್ನು ಕಂಪನಿಗಳೇ ಹೆಚ್ಚುಕಮ್ಮಿ ಕೈಬಿಟ್ಟಿವೆ. 2010ರಲ್ಲಿ ಜಪಾನಿನ ಕಂಪನಿಗಳು ಜಗತ್ತಿಗೆ ಕಳಿಸಿದ ಡಿಜಿಟಲ್ ಕ್ಯಾಮೆರಾ 12 ಕೋಟಿಗೂ ಮೇಲೆ, 2023ರಲ್ಲಿ 80 ಲಕ್ಷವೂ ಇಲ್ಲ. ಸಣ್ಣವನ್ನು ಮೊಬೈಲ್ ನುಂಗಿತು. ದೊಡ್ಡದರ ಕನ್ನಡಿ ಕಿತ್ತು ಮಿರರ್‌ಲೆಸ್ ಎಂದು ಮಾರುತ್ತಿದ್ದಾರೆ. ಡಿ3500 ಬೇಕಾದರೆ ಸೆಕೆಂಡ್ ಹ್ಯಾಂಡೇ ಗತಿ.

ಹಾಗಾಗಿ ಹುಡುಗನಿಗೆ ಹೇಳಿದೆ: ಎರಡನೇ ಲೆನ್ಸಿಗೆ ದುಡ್ಡು ಬೇರೆ ಎತ್ತಿಟ್ಟಿದ್ದರೆ ದೊಡ್ಡದು, ಇಲ್ಲದಿದ್ದರೆ ಸುಮ್ಮನೆ ಸಣ್ಣದು. ಯಾವುದೇ ಆದರೂ ಈಗ ಬೇಡ. ಮಳೆಗಾಲದಲ್ಲಿ ತಂದರೆ ಬೂಷ್ಟು, ದೀಪಾವಳಿಯಿಂದಾಚೆ ಅಡಿಕೆ ಕೊಯ್ಲು, ಹಿಂದೆಯೇ ಕಾಫಿ ಕೊಯ್ಲು, ಬೇಸಿಗೆ ಬಂತೆಂದರೆ ಮದುವೆಗಳು.

"ಹಂಗಾದ್ರೆ ವರ್ಷದಲ್ಲಿ ಯಾವಾಗ ತಗೊಳ್ಳೋದು ಮಾವ?" ಎಂದ. ಸ್ವಲ್ಪ ಹೊತ್ತು ಯೋಚಿಸಿ, "ನಿಮ್ಮ ಬೀರುವಿನಲ್ಲಿ ಒಂದು ಹಳೇ ಸಣ್ಣ ಕ್ಯಾಮೆರಾ ಇತ್ತಲ್ಲ, ಸದ್ಯಕ್ಕೆ ಅದನ್ನೇ ಕೊಡಿ" ಎಂದು ಕೈ ಚಾಚಿದ.

ಬೆಂಗಳೂರಿನ ಕಾಲೇಜು ಹುಡುಗರು ಈಗ ಹದಿನೈದು ವರ್ಷ ಹಳೇ ಡಿಜಿಟಲ್ ಡಬ್ಬಿಗಳನ್ನು ಹುಡುಕಿ ಹುಡುಕಿ ಕೊಳ್ಳುತ್ತಿದ್ದಾರಂತೆ, ಆ ಮಸುಕು ಬಣ್ಣವೇ ಫ್ಯಾಷನ್ನಂತೆ. ಇದನ್ನು ನನಗೆ ಹೇಳಿದ್ದೂ ಅವನೇ. ಅಡಿಕೆ ಬೆಳೆಗಾರನ ಮನೆಯಲ್ಲಿ ಹುಟ್ಟಿದವನು, ಧಾರಣೆ ಏರುತ್ತಿರುವ ಮಾಲನ್ನು ಯಾರೂ ಹೊರಗೆ ತೆಗೆಯುವುದಿಲ್ಲ ಎಂದು ಗೊತ್ತಿರಬೇಕಿತ್ತು.