ಒಂದು ಕ್ಲಾಸಿಗೆ ಇಬ್ಬರು ಮೇಷ್ಟ್ರು

ಜಪಾನೀಯರ ಅಚ್ಚುಕಟ್ಟುತನವನ್ನು ಹೊಗಳುವವರು ಬುಲೆಟ್ ರೈಲಿನ ಹತ್ತಿರವೇ ನಿಂತುಬಿಡುತ್ತಾರೆ. ಅವರ ಸರ್ಕಾರಿ ಶಾಲೆಯ ಇಂಗ್ಲಿಷ್ ಕ್ಲಾಸಿನ ತನಕ ಯಾರೂ ಹೋಗುವುದಿಲ್ಲ. ಹೋಗಬೇಕು. ಅಲ್ಲಿ ಒಂದು ಪಾಠಕ್ಕೆ ಇಬ್ಬರು ಮೇಷ್ಟ್ರು.

ಇದು ಹೊರದೇಶದ ಪದವೀಧರರನ್ನು ಶಾಲೆಗೆ ಕರೆಸುವ, 1987ರಲ್ಲಿ ಶುರುವಾದ ಜೆಟ್ ಯೋಜನೆಯ ಪುಣ್ಯ. ಕಾರು, ಟೀವಿ ಮಾರಿ ಮಾರಿ ಜಪಾನ್ ಅಮೆರಿಕದ ಕೆಂಗಣ್ಣಿಗೆ ಗುರಿಯಾಗಿದ್ದ ಕಾಲ. ಅಲ್ಲಿಂದಲೂ ಏನಾದರೂ ತರಿಸಿಕೊಳ್ಳಬೇಕಲ್ಲ, ಪದವೀಧರರನ್ನು ತರಿಸಿಕೊಂಡರು. ಮೊದಲ ವರ್ಷವೇ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡಿನಿಂದ 848 ಮಂದಿ ಬಂದಿಳಿದರು. ಪದವಿ ಯಾವ ವಿಷಯದ್ದಾದರೂ ನಡೆಯುತ್ತದೆ. ಪಾಠ ಮಾಡಿ ಗೊತ್ತಿರಬೇಕೆಂಬ ಹಟವಿಲ್ಲ, ಜಪಾನಿ ಬರಬೇಕೆಂಬ ಕಾಟವಿಲ್ಲ. ಇಷ್ಟು ಉದಾರವಾಗಿ ನಮ್ಮಲ್ಲಿ ಅಟೆಂಡರ್ ಹುದ್ದೆಗೂ ಕರೆಯುವುದಿಲ್ಲ.

ಕೆಲಸದ ಹಂಚಿಕೆಯಂತೂ ಕೈ ಮುಗಿಯುವ ಹಾಗಿದೆ. ಊರಿನ ಮೇಷ್ಟ್ರಿಗೆ ಹೊಣೆ ಇದೆ, ಇಂಗ್ಲಿಷಿನಲ್ಲಿ ಬಾಯಿ ಬಿಡಬೇಕಾಗಿಲ್ಲ. ಬಂದವರಿಗೆ ಬಾಯಿ ಇದೆ, ಹೊಣೆ ಇಲ್ಲ. ಹುದ್ದೆಯ ಹೆಸರೇ ಸಹಾಯಕ. ಅವರು ಒಂದು ಸಾಲು ಓದುತ್ತಾರೆ, ಮಕ್ಕಳು ಒಟ್ಟಿಗೆ ಒಪ್ಪಿಸುತ್ತಾರೆ, ಊರಿನ ಮೇಷ್ಟ್ರು ಅದರ ವ್ಯಾಕರಣವನ್ನು ಜಪಾನಿಯಲ್ಲಿ ಬಿಡಿಸುತ್ತಾರೆ. ಈ ಸಹಾಯಕರು ತಮ್ಮನ್ನು ತಾವೇ ಮನುಷ್ಯ ಟೇಪ್ ರೆಕಾರ್ಡರ್ ಎಂದು ಕರೆದುಕೊಳ್ಳುವುದುಂಟು. ಅದು ವಿನಯ. ಚಾಪ್‌ಸ್ಟಿಕ್ ಹಿಡಿಯಲು ಬರುತ್ತದೆಯೇ, ಸುಶಿ ಇಷ್ಟವೇ ಎಂದು ಯಂತ್ರವನ್ನು ಕೇಳಲಾಗುತ್ತದೆಯೇ? ಇವರನ್ನು ಹೋದ ಹೋದ ಶಾಲೆಯಲ್ಲೆಲ್ಲ ಕೇಳುತ್ತಾರೆ. ಒಬ್ಬರಿಗೇ ಹಲವು ಶಾಲೆ ಗಂಟುಬಿದ್ದಿದ್ದರೆ ಇನ್ನೂ ಒಳ್ಳೆಯದು: ತಮ್ಮ ಮನೆ, ತಮ್ಮ ನಾಯಿ, ತಮ್ಮ ತಂಗಿಯ ಫೋಟೊ ತೋರಿಸುವ ಪರಿಚಯದ ಪಾಠವೊಂದರಲ್ಲೇ ತಿಂಗಳುಗಳು ಕಳೆಯುತ್ತವೆ.

ಇಬ್ಬರೂ ಕೂತು ಪಾಠ ಯೋಜಿಸಬೇಕೆಂದು ಕೈಪಿಡಿ ಹೇಳುತ್ತದೆ. ಊರಿನ ಮೇಷ್ಟ್ರಿಗೆ ಕ್ಲಾಸ್ ಟೀಚರ್ ಕೆಲಸ, ಸಂಜೆ ಟೆನಿಸ್ ತಂಡ, ಮಧ್ಯೆ ಮೀಟಿಂಗು. ಹಾಗಾಗಿ ನಿಂತೇ, ಅಲ್ಲ, ನಡೆಯುತ್ತಲೇ ಯೋಜನೆ.

‘ಸೆನ್ಸೇ, ಇವತ್ತು ಯಾವ ಪುಟ?’

‘ನಲವತ್ತೆರಡು. ಓದಿಬಿಡಿ.’

‘ಆಮೇಲೆ?’

‘ಬಿಂಗೊ ಆಡಿಸಿ.’

‘ಎಲ್ಲಿಯ ತನಕ?’

‘ಬೆಲ್ಲು ಹೊಡೆಯೋ ತನಕ.’

ಕಾರಿಡಾರು ಮುಗಿಯುವುದರೊಳಗೆ ಎಲ್ಲ ಇತ್ಯರ್ಥ.

ಒಪ್ಪಂದ ವರ್ಷಕ್ಕೊಮ್ಮೆ ನವೀಕರಣ, ಹೆಚ್ಚೆಂದರೆ ಐದು ವರ್ಷ. ಕೆಲಸ ಕೈಗೆ ಹತ್ತಿತು ಅನ್ನುವಾಗಲೇ ಬೀಳ್ಕೊಡುಗೆ, ಹೂಗುಚ್ಛ, ಗ್ರೂಪ್ ಫೋಟೊ. ಅನುಭವ ಎಂಬ ಜಿಡ್ಡು ಶಾಲೆಗೆ ಅಂಟದಂತೆ ಕಾಯುವ ಉಪಾಯ ಇದಕ್ಕಿಂತ ಬೇರೆ ಬೇಕೆ?

ಮಾತು ಕಲಿಸಲು ಕರೆಸಿದ್ದಾರೆ, ಪ್ರವೇಶ ಪರೀಕ್ಷೆಯಲ್ಲಿ ಮಾತೇ ಇಲ್ಲ ಎಂದು ಗೊಣಗುವವರು ಇದ್ದರು. ಟೋಕಿಯೊ ಆಡಳಿತ ಅವರ ಬಾಯನ್ನೂ ಮುಚ್ಚಿಸಿತು. 2022ರಲ್ಲಿ ಒಂಬತ್ತನೇ ತರಗತಿಯ ಮಕ್ಕಳಿಗೆ ಇಂಗ್ಲಿಷ್ ಮಾತಿನ ಪರೀಕ್ಷೆ ಇಟ್ಟು, ಹೈಸ್ಕೂಲು ಪ್ರವೇಶಕ್ಕೆ ಅದರ ಅಂಕವನ್ನೂ ಸೇರಿಸಿತು. ಮಕ್ಕಳು ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ಟ್ಯಾಬ್ಲೆಟ್ ಜೊತೆ ಮಾತಾಡಿದರು.