ಸಿಟ್ಟು ಬಂದರೆ ಬೆಟ್ಟ ಹತ್ತಬೇಕು

ನಮ್ಮೂರಲ್ಲಿ ಯಾರಿಗಾದರೂ ವಾಟ್ಸ್‌ಆ್ಯಪಿನಲ್ಲಿ ಜಗಳ ಆಡಬೇಕು ಅನ್ನಿಸಿದರೆ ಅವನು ಮೊದಲು ಚಪ್ಪಲಿ ಹುಡುಕಬೇಕು. ಜಗಲಿಯಲ್ಲಿ ಸಿಗ್ನಲ್ಲಿನ ಒಂದು ಕಡ್ಡಿಯೂ ಇಲ್ಲ. ಬಚ್ಚಲಮನೆ ಹಿಂದಿನ ಹಲಸಿನ ಮರಕ್ಕೆ ಒರಗಿ ನಿಂತರೆ ಒಂದು ಕಡ್ಡಿ, ಅದೂ ಗಾಳಿಯ ಮರ್ಜಿ. ಸೊಪ್ಪಿನ ಬೆಟ್ಟದ ನೆತ್ತಿಗೆ ಹೋದರೆ ಮೂರು. ಸಿದ್ದಾಪುರ ಪೇಟೆಯವರಿಗೆ ಇದನ್ನು ಹೇಳಿದರೆ ನಗುತ್ತಾರೆ. ಅವರಿಗೆ ಕೂತಲ್ಲೇ ಸಿಟ್ಟು ಮಾಡಿಕೊಳ್ಳುವ ಸೌಕರ್ಯ ಇದೆ. ನಮ್ಮದು ಏರುಹಾದಿಯ ಸಿಟ್ಟು. ಅರ್ಧ ಹತ್ತುವಾಗ ಏದುಸಿರು, ಮುಕ್ಕಾಲು ಹತ್ತುವಾಗ ಕಾಲಿಗೆ ಉಂಬಳ, ನೆತ್ತಿ ಮುಟ್ಟುವಾಗ ಯಾರ ಮೇಲೆ ಸಿಟ್ಟು ಬಂದಿತ್ತು ಎಂಬುದೇ ಅರ್ಧಂಬರ್ಧ. ಅಷ್ಟಾದರೂ ಆರದೆ ಉಳಿದದ್ದು ಮಾತ್ರ ಗ್ರೂಪಿಗೆ ಬೀಳುತ್ತದೆ. ಅಂಥ ಗಟ್ಟಿ ಸಿಟ್ಟು ನಮ್ಮ ಕುಟುಂಬದಲ್ಲಿ ಹುಟ್ಟುವುದು ಮೂರೇ ವಿಷಯಕ್ಕೆ. ಆಸ್ತಿ ಹಿಸೆ, ಯಕ್ಷಗಾನ ಮತ್ತು ಆಪರೇಟಿಂಗ್ ಸಿಸ್ಟಮ್.

ಮೊದಲಿನ ಎರಡೂ ತಲೆಮಾರುಗಳಿಂದ ಬಂದದ್ದು. ಮೂರನೆಯದು ಹೋದ ವರ್ಷದ ದೊಡ್ಡಹಬ್ಬಕ್ಕೆ, ಅಂದರೆ ದೀಪಾವಳಿಗೆ, ಸೇರ್ಪಡೆಯಾಯಿತು.

ಕಾರಣ ನಮ್ಮ ದೊಡ್ಡಪ್ಪನ ಲ್ಯಾಪ್‌ಟಾಪು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲು ಬೆಂಬಲ ಮುಗಿಯುತ್ತದೆ ಎಂದು ದೊಡ್ಡಪ್ಪ ಪೇಪರಿನಲ್ಲಿ ಓದಿದರು. ಹಬ್ಬಕ್ಕೆ ಇನ್ನೊಂದು ವಾರ ಇತ್ತು. ಲ್ಯಾಪ್‌ಟಾಪಿನಿಂದ ಅವರಿಗೆ ಆಗಬೇಕಾದದ್ದು ಮೂರು ಕೆಲಸ: ಅಡಿಕೆ ರೇಟು ಬರೆದಿಡುವುದು, ಮೊಮ್ಮಕ್ಕಳು ತುಂಬಿಕೊಟ್ಟ ಯಕ್ಷಗಾನ ಆಟದ ವಿಡಿಯೊ ನೋಡುವುದು, ದೇವಸ್ಥಾನ ಕಮಿಟಿಯ ಪತ್ರ ಟೈಪು ಮಾಡುವುದು. ಪಾಪ, ಹಲಸಿನ ಮರದ ಹತ್ತಿರ ನಿಂತು ಗ್ರೂಪಿಗೆ ಒಂದು ಸಾಲು ಹಾಕಿದರು: 'ಇನ್ನು ಎಂತ ಮಾಡವು?' ಮರುದಿನ ಬೆಳಗ್ಗೆ ಬೆಟ್ಟ ಹತ್ತಿದವನ ಮೊಬೈಲು ನಿಮಿಷಗಟ್ಟಲೆ ಕೂಗಿತು. ನೂರರ ಮೇಲೆ ಮೆಸೇಜು. ದೊಡ್ಡಪ್ಪನ ಪ್ರಶ್ನೆಗೆ ಉತ್ತರ ಅದರಲ್ಲಿ ಒಂದೂ ಇರಲಿಲ್ಲ.

ಕಾನಸೂರಿನ ಚಿಕ್ಕಪ್ಪ ವಿಂಡೋಸ್ ಪಕ್ಷ. ಜೀವಮಾನವೆಲ್ಲ ಲೆಕ್ಕ ಬರೆದವರು, ಎಕ್ಸೆಲ್ ಇಲ್ಲದ ಯಂತ್ರವನ್ನು ಕಂಪ್ಯೂಟರ್ ಎಂದು ಕರೆಯಲಿಕ್ಕೂ ಒಪ್ಪುವುದಿಲ್ಲ. ಹೊಸ ಮೆಷಿನ್ನು ತೆಗೆದುಕೊಂಡು ವಿಂಡೋಸ್ 11 ಹಾಕಿಸಿ ಎಂಬುದು ಅವರ ಸಲಹೆ. ಇದಕ್ಕೇ ಯಾಕೆ ಹಾಕಲಿಕ್ಕಾಗುವುದಿಲ್ಲ ಎಂದರೆ, ಪ್ರೊಸೆಸರ್ ಹಳೆಯದಾಯಿತು, ಟಿಪಿಎಂ 2.0 ಬೇರೆ ಇಲ್ಲ. ಅಡಿಕೆ ಸೊಸೈಟಿಗಳ ಹೆಸರಷ್ಟೇ ಬಲ್ಲ ದೊಡ್ಡಪ್ಪ ಬಹಳ ಹೊತ್ತು ಯೋಚಿಸಿ ಕೇಳಿದರು: 'ಟಿಎಸ್‌ಎಸ್ ಗೊತ್ತಿದ್ದು, ಟಿಎಂಎಸ್ ಗೊತ್ತಿದ್ದು. ಇದೆಂತದಾ ಟಿಪಿಎಂ? ಅಡಿಕೆ ತಗತ್ವನ?'

ಬೆಂಗಳೂರಿನ ಬಾವ ಮ್ಯಾಕ್ ಪಕ್ಷ. ಬಾವ ಅಂದಮೇಲೆ ಅವನನ್ನು ಕೆಣಕುವ ಹಕ್ಕು ನನಗೆ ಹುಟ್ಟಿನಿಂದ ಬಂದದ್ದಲ್ಲ, ತಂಗಿಯ ಮದುವೆಯಿಂದ ಬಂದದ್ದು, ಆದ್ದರಿಂದ ಹೇಳುತ್ತೇನೆ. ಅವನು ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಇಡುವ ರೀತಿ ನೋಡಬೇಕು, ಸೇಬಿನ ಗುರುತು ಎದುರು ಕೂತವರ ಕಡೆಗೇ ಇರುತ್ತದೆ. ಪುರೋಹಿತರು ಕಲಶದ ತೆಂಗಿನಕಾಯಿ ಕೂರಿಸುವಷ್ಟೇ ನಿಗಾ.

ಲಿನಕ್ಸ್ ಪಕ್ಷಕ್ಕೆ ನಮ್ಮ ಮಾಣಿ, ಅಣ್ಣನ ಕಿರಿಮಗ. 2020ರ ಲಾಕ್‌ಡೌನಿಗೆ ಊರಿಗೆ ಬಂದವನು ಬೆಟ್ಟದ ನೆತ್ತಿಯಲ್ಲಿ ತಾಡಪಾಲು ಕಟ್ಟಿಕೊಂಡು ಕೆಲಸ ಮಾಡಿದ. ಆಮೇಲೆ ತಿರುಗಿ ಹೋಗಲೇ ಇಲ್ಲ. ಕೀಲಿಗೊಂಚಲಿಗೆ ಒಂದು ಪೆನ್‌ಡ್ರೈವ್ ಕಟ್ಟಿಕೊಂಡಿದ್ದಾನೆ. ಅದರಲ್ಲಿ ಲಿನಕ್ಸು. ಯಾರ ಮನೆಗೆ ಹೋದರೂ ಅವರ ಮೆಷಿನ್ನಿಗೆ ದೀಕ್ಷೆ ಕೊಡದೆ ಚಾ ಕುಡಿಯುವುದಿಲ್ಲ. ಬಾವ ಅವನಿಗೆ ಮಾವ ಆಗಬೇಕು, ಹಾಗಾಗಿ ಅವನ ಬೈಗುಳಕ್ಕೆಲ್ಲ ಮರ್ಯಾದೆಯ ಪೀಠಿಕೆ ಇರುತ್ತದೆ. 'ಮಾವ, ತಪ್ಪು ತಿಳಿಯಡಿ, ನಿಂಗ ದುಡ್ಡು ಕೊಟ್ಟು ತಗಂಡಿದ್ದು ಕಂಪ್ಯೂಟರ್ ಅಲ್ಲ, ಬಂಗಾರದ ಪಂಜರ.' ಅದಕ್ಕೆ ಬಾವನ ಉತ್ತರ: 'ನಿನ್ನ ಮೆಷಿನ್ನಿಗೆ ಪ್ರಿಂಟರ್ ಸೇರಿಸೋಕೆ ಎಷ್ಟು ದಿನ ಬೇಕಾತು ಹೇಳಲೆ?' ಚಿಕ್ಕಪ್ಪ ನಡುವೆ ಒಂದು ಹೆಬ್ಬೆರಳು ಒತ್ತಿದರು. ಯಾರಿಗೆ ಒತ್ತಿದ್ದು ಎಂಬುದರ ಮೇಲೆ ಇನ್ನೊಂದು ಜಗಳ.

ನನಗೇನೂ ಆಶ್ಚರ್ಯ ಆಗಲಿಲ್ಲ. ಯಕ್ಷಗಾನದ ಕೆರೆಮನೆ ಮತ್ತು ಚಿಟ್ಟಾಣಿಯ ಕಾಲದಲ್ಲಿ ದೊಡ್ಡವನಾದವನು ನಾನು. ಕೆರೆಮನೆ ಶಂಭು ಹೆಗಡೆಯವರು, ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಇಬ್ಬರೂ ಘಟ್ಟದ ಕೆಳಗಿನ ಹೊನ್ನಾವರ ಸೀಮೆಯವರು. ಅವರಿಗಾಗಿ ಬಡಿದಾಡಿದವರು ಘಟ್ಟದ ಮೇಲಿನ ನಾವು. ಒಂದು ಕಡೆಯವರು ಔಚಿತ್ಯ, ಅಳತೆ, ಪಾತ್ರದ ಗತ್ತು ಎನ್ನುತ್ತಿದ್ದರು. ಇನ್ನೊಂದು ಕಡೆಯವರು ಚಿಟ್ಟಾಣಿಯವರ ಭಸ್ಮಾಸುರ ಎಂದಷ್ಟೇ ಹೇಳಿ, ಇನ್ನೇನೂ ಹೇಳುವ ಅಗತ್ಯವೇ ಇಲ್ಲ ಎಂಬಂತೆ ಕವಳ ಉಗಿದು ಬರಲು ಏಳುತ್ತಿದ್ದರು. ಮದುವೆ ಮನೆಯ ಪಂಕ್ತಿಯಲ್ಲಿ ಈ ವಿಷಯ ಎದ್ದು ಅಪ್ಪೆಹುಳಿ ಆರಿ ಹೋದದ್ದನ್ನು ಕಂಡಿದ್ದೇನೆ. ವಾದ ಮಾಡಿದವರಲ್ಲಿ ಒಬ್ಬರಿಗೂ ಗೆಜ್ಜೆ ಕಟ್ಟಿ ಗೊತ್ತಿಲ್ಲ. ಅಭಿಮಾನಕ್ಕೆ ಅದೇ ಅರ್ಹತೆ: ಕುಣಿಯಲು ಬರಬಾರದು. ಬಂದರೆ ಎದುರಿನವನ ಕಷ್ಟ ತಿಳಿದುಬಿಡುತ್ತದೆ, ಬೈಯಲಿಕ್ಕೆ ಬಾಯಿ ಬರುವುದಿಲ್ಲ.

ಆ ಕಣ್ಣಿನಿಂದ ನೋಡಿದರೆ ಮೂರು ಪಕ್ಷವೂ ಪರಿಚಿತವೇ. ಬಾವನ ಮ್ಯಾಕು ಕಿರೀಟ, ಭುಜಕೀರ್ತಿ ಎಲ್ಲ ಕೂತಲ್ಲಿ ಕೂತ ಪೂರ್ಣ ವೇಷ. ಚೌಕಿಯೊಳಗೆ ಮಾತ್ರ ಯಾರನ್ನೂ ಬಿಡುವುದಿಲ್ಲ. ಚಿಕ್ಕಪ್ಪನ ವಿಂಡೋಸು ಡೇರೆ ಮೇಳ, ಎಲ್ಲ ಊರಿಗೂ ಹೋಗುತ್ತದೆ, ಬೈಯುವವನೂ ಟಿಕೆಟ್ ಮಾಡಿರುತ್ತಾನೆ. ಮಾಣಿಯ ಲಿನಕ್ಸು ತಾಳಮದ್ದಳೆ. ವೇಷವಿಲ್ಲ, ಬಣ್ಣವಿಲ್ಲ, ಕಪ್ಪು ಪರದೆಯ ಮೇಲೆ ಬರೀ ಅಕ್ಷರ. ಮಾತು ಬಲ್ಲವನಿಗೆ ಸ್ವರ್ಗ, ಉಳಿದವರಿಗೆ ನಿದ್ದೆ.

ತಾಳಮದ್ದಳೆ ಎಂದೆನಲ್ಲ, ಲಿನಕ್ಸಿನ ಹುಟ್ಟಿನಲ್ಲೇ ಒಂದು ಭರ್ಜರಿ ಪ್ರಸಂಗ ನಡೆದಿದೆ. ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತನ್ನ ಹವ್ಯಾಸದ ಸಿಸ್ಟಮಿನ ಸುದ್ದಿಯನ್ನು ಜನರೆದುರು ಇಟ್ಟದ್ದು 1991ರ ಆಗಸ್ಟ್ 25ಕ್ಕೆ. ಅದಕ್ಕೆ ಆರು ತಿಂಗಳು ತುಂಬುವ ಮೊದಲೇ, 1992ರ ಜನವರಿ 29ಕ್ಕೆ, ಆಮ್‌ಸ್ಟರ್‌ಡಾಮಿನ ಪ್ರೊಫೆಸರ್ ಆಂಡ್ರ್ಯೂ ಟಾನೆನ್‌ಬಾಮ್ ಎಲ್ಲರೂ ಓದುವಂತೆ ಬರೆದರು: ಲಿನಕ್ಸ್ ಹುಟ್ಟುವಾಗಲೇ ಹಳಸಿದ್ದು. ಪ್ರೊಫೆಸರು ಅಂಥಿಂಥವರಲ್ಲ. ಅವರದೇ ಮಿನಿಕ್ಸ್ ಎಂಬ ಸಿಸ್ಟಮನ್ನು, ಅವರದೇ ಪುಸ್ತಕವನ್ನು ಓದಿಯೇ ಲಿನಸ್ ಕಲಿತದ್ದು. ದ್ರೋಣರ ಎದುರು ಏಕಲವ್ಯ ಕೂತ ಹಾಗೆ. ಈ ಏಕಲವ್ಯ ಹೆಬ್ಬೆರಳು ಕೊಡಲಿಲ್ಲ, ಅದೇ ಬೆರಳಲ್ಲಿ ಉತ್ತರ ಟೈಪು ಮಾಡಿದ.

ಜಗಳ ಏನೆಂದು ಕೇಳಿದರೆ ನಿಮಗೆ ನಮ್ಮ ಮನೆಯದೇ ಎನಿಸೀತು. ಸಿಸ್ಟಮಿನ ತಿರುಳಿನಲ್ಲಿ ಎಲ್ಲ ಕೆಲಸವೂ ಒಟ್ಟಿಗೆ ಇರಬೇಕು ಎಂಬುದು ಲಿನಸ್ ಹಿಡಿದ ದಾರಿ. ಅಂದರೆ ಕೂಡುಕುಟುಂಬ, ಒಂದೇ ಒಲೆ. ತಿರುಳು ಚಿಕ್ಕದಿರಲಿ, ಉಳಿದ ಕೆಲಸಗಳೆಲ್ಲ ಬೇರೆ ಬೇರೆ ಕೂತು ಪರಸ್ಪರ ಹೇಳಿ ಕಳಿಸಿಕೊಳ್ಳಲಿ ಎಂಬುದು ಪ್ರೊಫೆಸರ್ ಮತ, ಅಂದರೆ ಹಿಸೆ. ಕೂಡುಕುಟುಂಬದಲ್ಲಿ ಕೆಲಸ ಚುರುಕು, ಆದರೆ ಒಬ್ಬನಿಗೆ ಜ್ವರ ಬಂದರೆ ಮನೆಯೆಲ್ಲ ಮಲಗೀತು. ಹಿಸೆಯಾದರೆ ಒಬ್ಬನ ಜ್ವರ ಅವನಿಗೇ, ಆದರೆ ಚಿಟಿಕೆ ಉಪ್ಪು ಬೇಕಾದರೂ ಪಕ್ಕದ ಮನೆಗೆ ಚೀಟಿ. ಇಂಥ ವಿನ್ಯಾಸ ತಂದರೆ ನನ್ನ ಕ್ಲಾಸಿನಲ್ಲಿ ಒಳ್ಳೆ ಮಾರ್ಕು ಸಿಗುತ್ತಿರಲಿಲ್ಲ ಎಂದೂ ಪ್ರೊಫೆಸರು ಹೇಳಿದರು. ಲಿನಸ್ ಮೊದಲ ಉತ್ತರದಲ್ಲಿ ಉರಿದುಬಿದ್ದ, ಆಮೇಲೆ ಕ್ಷಮೆ ಕೇಳಿದ, ವಾದ ಮಾತ್ರ ಬಿಡಲಿಲ್ಲ.

ಗೆದ್ದವರು ಯಾರು? ದೊಡ್ಡಪ್ಪನ ಅಂಗಿ ಕಿಸೆಯ ಆಂಡ್ರಾಯ್ಡ್ ಮೊಬೈಲಿನ ತಿರುಳು ಲಿನಕ್ಸು. ಹಾಗಾದರೆ ಲಿನಸ್. ಆದರೆ 2017ರಲ್ಲಿ ಇನ್ನೊಂದು ಸುದ್ದಿ ಹೊರಬಿತ್ತು: ಇಂಟೆಲಿನ ಈಚಿನ ಚಿಪ್ಪುಗಳ ಒಳಗೆ, ಯಾರ ಕಣ್ಣಿಗೂ ಬೀಳದ ಒಂದು ಮೂಲೆಯಲ್ಲಿ, ಮಿನಿಕ್ಸ್ ಕೂತು ಕೆಲಸ ಮಾಡುತ್ತಿದೆ. ಪ್ರೊಫೆಸರಿಗೇ ಅದು ಪೇಪರಿನಿಂದ ತಿಳಿದದ್ದು. ಅವರು ಇಂಟೆಲಿಗೆ ಒಂದು ಬಹಿರಂಗ ಪತ್ರ ಬರೆದು, ಬಳಸಿದ್ದಕ್ಕೆ ಸಂತೋಷ, ಒಂದು ಮಾತು ಹೇಳಿದ್ದರೆ ಚೆನ್ನಾಗಿತ್ತು ಎಂಬ ಅರ್ಥದಲ್ಲಿ ಸಣ್ಣಗೆ ಚುಚ್ಚಿದರು. ನಮ್ಮ ಕಡೆಯ ಹಿರಿಯರು ಮದುವೆ ಕರೆ ಬಾರದಿದ್ದಾಗ ಆಡುವ ಮಾತೇ ಅದು.

ಮಾಲೀಕರ ಕತೆ ಇನ್ನೂ ಚೆಂದ. 1997ರ ಆಗಸ್ಟಿನಲ್ಲಿ ಬಾಸ್ಟನ್ನಿನ ಸಭೆಯಲ್ಲಿ ಸ್ಟೀವ್ ಜಾಬ್ಸ್, ಮೈಕ್ರೋಸಾಫ್ಟು ಆ್ಯಪಲ್‌ನಲ್ಲಿ 15 ಕೋಟಿ ಡಾಲರ್ ಹೂಡುತ್ತದೆ ಎಂದು ಸಾರಿದರು. ಹಿಂದಿನ ದೊಡ್ಡ ಪರದೆಯ ಮೇಲೆ ಬಿಲ್ ಗೇಟ್ಸ್ ಮುಖ ಬಂತು; ಆ್ಯಪಲ್ ಅಭಿಮಾನಿಗಳು ಊಳಿಟ್ಟರು. ದುಡ್ಡು ಬರುತ್ತಿದ್ದದ್ದು ಅವರದೇ ಕಂಪನಿ ಉಳಿಯಲಿಕ್ಕೆ! ಇತ್ತ 2001ರಲ್ಲಿ ಮೈಕ್ರೋಸಾಫ್ಟಿನ ಸ್ಟೀವ್ ಬಾಮರ್ ಲಿನಕ್ಸನ್ನು ಕ್ಯಾನ್ಸರಿಗೆ ಹೋಲಿಸಿದರು. 2014ರಲ್ಲಿ ಅವರ ಕುರ್ಚಿಗೆ ಬಂದ ಸತ್ಯ ನಾದೆಲ್ಲಾ ಅದೇ ವರ್ಷ ಲಿನಕ್ಸ್ ಅಂದರೆ ನಮಗೆ ಪ್ರೀತಿ ಎಂದರು. 2016ಕ್ಕೆ ವಿಂಡೋಸಿನ ಒಳಗೇ ಲಿನಕ್ಸಿಗೆ ಕೋಣೆ ಕೊಟ್ಟರು. ನಾದೆಲ್ಲಾ ಇಂಜಿನಿಯರಿಂಗ್ ಓದಿದ್ದು ನಮ್ಮ ಮಣಿಪಾಲದಲ್ಲಿ. ರಂಗದ ಮೇಲೆ ಗದೆ ಬೀಸಿದ ಭೀಮ-ದುರ್ಯೋಧನರು ಚೌಕಿಗೆ ಬಂದು ಒಂದೇ ಸಂಚಿಯಿಂದ ಎಲೆ ತೆಗೆದುಕೊಳ್ಳುವುದನ್ನು ಆ ಕಡೆ ಇದ್ದವರು ನೋಡದೆ ಇರುತ್ತಾರೆಯೇ? ಇಷ್ಟನ್ನು ಬೆಟ್ಟ ಹತ್ತಿ ಗ್ರೂಪಿಗೆ ಹಾಕಿದೆ. ಮೂರು ಪಕ್ಷದವರೂ ಒಟ್ಟಾಗಿ ನನ್ನನ್ನು ಬೈದರು. ಆ ಮಟ್ಟಿಗೆ ಕುಟುಂಬದಲ್ಲಿ ಒಗ್ಗಟ್ಟು ತಂದ ಪುಣ್ಯ ನನ್ನದು.

ದೊಡ್ಡಹಬ್ಬಕ್ಕೆ ಎಲ್ಲರೂ ಬಂದರು. ಗ್ರೂಪಿನಲ್ಲಿ ಹೊಡೆದಾಡಿದವರು ಎದುರಾಬದುರು ಆದಾಗ ಏನಾಗುತ್ತದೋ ಎಂದು ನಾನು ಆಸೆಯಿಂದಲೇ ಕಾದಿದ್ದೆ. ಏನೂ ಆಗಲಿಲ್ಲ. ಹಸುಗಳ ಕೊರಳಿಗೆ ಅಡಿಕೆ, ಚೆಂಡುಹೂವಿನ ಮಾಲೆ ಕಟ್ಟುವಾಗ ಬಾವ ಹಗ್ಗ ಹಿಡಿದ, ಮಾಣಿ ಗಂಟು ಹಾಕಿದ. 'ಮಾವ, ಇನ್ನೊಂದು ಹೋಳಿಗೆ ಹಾಕ್ಯಳಿ.' 'ಸಾಕಾ ಅಪ್ಪಿ, ನೀನು ತುಪ್ಪ ಹಾಕ್ಯ.' ಊಟವಾದ ಮೇಲೆ ಜಗಲಿಯಲ್ಲಿ ಮಾತು ಹೊರಳಿದ್ದು ಈ ಸಲ ರಾಶಿ ಮಾಡುವುದೋ ಚಾಲಿ ಮಾಡುವುದೋ ಎಂಬುದಕ್ಕೆ. ಹಸಿಯಡಿಕೆ ಸುಲಿದು ಚೊಗರಿನಲ್ಲಿ ಬೇಯಿಸಿ ಕೆಂಪು ಮಾಡುವ ರಾಶಿಯವರಿಗೆ, ಹಣ್ಣಡಿಕೆಯನ್ನು ಅಂಗಳದಲ್ಲಿ ತಿಂಗಳ ಮೇಲೆ ಒಣಗಲು ಬಿಡುವ ಚಾಲಿಯವರು ಸೋಮಾರಿಗಳು. ಚಾಲಿಯವರಿಗೆ ರಾಶಿಯವರು ಸುಮ್ಮಸುಮ್ಮನೆ ಬೆಂದು ಸಾಯುವವರು. ಆ ವಾದ ಸಂಜೆವರೆಗೂ ನಡೆಯಿತು, ಬಲು ಸೊಗಸಾಗಿ.

ಲ್ಯಾಪ್‌ಟಾಪು ಹಾಗೇ ಕೂತಿತ್ತು. ಕಡೆಗೆ ಅದನ್ನು ಮುಟ್ಟಿದವಳು ಮಾಣಿಯ ಅತ್ತಿಗೆ, ಕಾಸರಗೋಡು ಕಡೆಯಿಂದ ಬಂದ ಹೊಸ ಸೊಸೆ. 'ತಂಗಿ, ನಿಂಗೆ ಲಿನಕ್ಸ್ ಬರ್ತನೇ?' ಎಂದು ಚಿಕ್ಕಪ್ಪ ಪರೀಕ್ಷೆಗೆ ಇಳಿದರು. ಅವಳು ಬೆಪ್ಪಾಗಿ ನೋಡಿದಳು. 'ಅಪ್ಪು. ಎಂಗೊಗೆ ಶಾಲೆಲಿ ಅದೇ ಇದ್ದತ್ತು.' ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯುವುದೇ ಗ್ನೂ ಲಿನಕ್ಸಿನಲ್ಲಿ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಅದೇ. ಮಾಣಿ ಯಾವುದನ್ನು ಕ್ರಾಂತಿ ಎಂದುಕೊಂಡಿದ್ದನೋ ಅದು ಅವಳಿಗೆ ಎಂಟನೇ ಕ್ಲಾಸಿನ ಹೋಂವರ್ಕು. ಅವನ ಮುಖ ನೋಡಬೇಕಿತ್ತು. ಗೆದ್ದವನ ಮುಖ ಅಷ್ಟು ಬಾಡಿದ್ದನ್ನು ನಾನು ಕಂಡಿಲ್ಲ.

ಅವಳು ಮೊದಲು ಕೇಳಿದ್ದು ದೊಡ್ಡಪ್ಪನನ್ನು, ನಿಮಗೆ ಏನೇನು ಕೆಲಸ ಆಗಬೇಕು ಎಂದು. ನೂರು ಮೆಸೇಜಿನಲ್ಲಿ ಯಾರೂ ಕೇಳದಿದ್ದ ಪ್ರಶ್ನೆ. ದೊಡ್ಡಪ್ಪನ ಗಾಬರಿಯೆಲ್ಲ ಪತ್ರಗಳ ಮೇಲೆ. ಹಳೆಯ ನುಡಿ ಫಾಂಟಿನಲ್ಲಿ ಕುಟ್ಟಿಟ್ಟ ಪತ್ರವನ್ನು ಆ ಫಾಂಟ್ ಇಲ್ಲದ ಮೆಷಿನ್ನಿನಲ್ಲಿ ತೆರೆದರೆ 'ಕನ್ನಡ' ಎಂಬ ಶಬ್ದವೇ ಹೇಗೆ ಕಾಣುತ್ತದೆ ಗೊತ್ತೆ? ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಆಮೇಲೆ ಬ್ರಿಟಿಷರ ಪೌಂಡಿನ ಗುರುತು! ನಮ್ಮ 'ನ' ಅಕ್ಷರ ಅಡಗಿ ಕೂತದ್ದು ಆ ಪೌಂಡಿನ ಮನೆಯಲ್ಲಿ. ಯೂನಿಕೋಡ್ ರೂಢಿಗೆ ಬರುವ ಮೊದಲು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಇಟ್ಟು ಸಂಸಾರ ಮಾಡಿದ್ದರ ಫಲ. ಕನ್ನಡದ ತಾಯಿ ಭುವನೇಶ್ವರಿ ಇರುವ ಭುವನಗಿರಿ ನಮ್ಮ ತಾಲೂಕಿನಲ್ಲೇ ಇದೆ. ಅಲ್ಲಿಗೆ ಬರೆದ ಪತ್ರದಲ್ಲೂ ಸಾಲಿಗೆ ನಾಲ್ಕು ಪೌಂಡು. ಮ್ಯಾಕಿನಲ್ಲಿ ತೆರೆದರೂ ಅದೇ, ಲಿನಕ್ಸಿನಲ್ಲೂ ಅದೇ, ನುಡಿ ಹಾಕದ ವಿಂಡೋಸಿನಲ್ಲೂ ಅದೇ. ಈ ಒಂದು ವಿಷಯದಲ್ಲಿ ಮೂರಕ್ಕೂ ಭೇದವಿಲ್ಲ.

ಸೊಸೆ ಪತ್ರಗಳನ್ನೆಲ್ಲ ಯೂನಿಕೋಡಿಗೆ ತಿರುಗಿಸಿದಳು. ಮಾಣಿಯ ಪೆನ್‌ಡ್ರೈವ್ ಇಸಿದುಕೊಂಡು ವಿಂಡೋಸಿನ ಪಕ್ಕದಲ್ಲೇ ಲಿನಕ್ಸನ್ನೂ ಕೂರಿಸಿದಳು, ಬೇಕಾದದ್ದು ಆರಿಸಿಕೊಳ್ಳಿ ಎಂದಳು. ಈಗ ಲ್ಯಾಪ್‌ಟಾಪು ಶುರುವಾಗುವಾಗ ಯಾವುದು ಬೇಕು ಎಂದು ಕೇಳಿ ಹತ್ತು ಸೆಕೆಂಡು ಕಾಯುತ್ತದೆ. ಎಲೆಯ ತೊಟ್ಟು ಮುರಿದು ಸುಣ್ಣ ಹಚ್ಚಲಿಕ್ಕೆ ದೊಡ್ಡಪ್ಪನಿಗೆ ಬೇಕಾದದ್ದು ಹದಿನೈದು ಸೆಕೆಂಡು. ಅಷ್ಟರಲ್ಲಿ ಅದೇ ಒಂದನ್ನು ಆರಿಸಿಕೊಂಡಿರುತ್ತದೆ. ಯಾವುದು ಎಂದು ಅವರು ಈವರೆಗೆ ನೋಡಿಲ್ಲ.

ಬಾವ ಬೆಂಗಳೂರಿಗೆ ಹೋದ ಮರುದಿನ ದೊಡ್ಡಪ್ಪ ಮಾಣಿಯನ್ನು ರೇಟು ನೋಡಿಕೊಂಡು ಬಾ ಎಂದು ಬೆಟ್ಟಕ್ಕೆ ಕಳಿಸಿದರು. ಹದಿನೈದು ನಿಮಿಷಕ್ಕೆ ದಡದಡ ಇಳಿದು ಬಂದ, ಮುಖ ಕೆಂಪುಗೋಟಿನ ಹಾಗೆ.

'ನೋಡಿ ಅಜ್ಜ! ಮಾವ ಹಬ್ಬದ ದಿನ ಬರದ್ದು, ಈಗ ಬಂದು ಬಿದ್ದು. ನಮ್ಮನೆ ಹೋಳಿಗೆ ತಿಂದು, ನಮ್ಮನೆ ಅಟ್ಟದ ಮೇಲೆ ಮಲಗ್ಯಂಡು ಬರದ್ದ!'

ಅಟ್ಟದ ಮೇಲೆ ಸಿಗ್ನಲ್ಲು ಎಲ್ಲಿಯದು. ಒತ್ತಿಟ್ಟ ಮೆಸೇಜು ಗಡಿಯಾರದ ಗುರುತು ಹೊತ್ತು ಬಾವನ ಮೊಬೈಲಿನಲ್ಲೇ ಕೂತಿದ್ದು, ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಕಡ್ಡಿ ಸಿಕ್ಕಿದ ಕೂಡಲೇ ಹೊರಟುಬಿಟ್ಟಿದೆ. ಉದ್ದದ್ದೇ ಇತ್ತು, ಏಳೆಂಟು ಸಾಲು. ಮೊದಲ ಶಬ್ದ 'ಅಪ್ಪಿ', ಆಮೇಲೆ ಬರೀ ಮೆಣಸಿನಕಾಯಿ.

'ರಾಶಿ ರೇಟು ಎಷ್ಟಾತಡ?' ಎಂದರು ದೊಡ್ಡಪ್ಪ.

'ಅದನ್ನ ನೋಡಿದ್ನಿಲ್ಲೆ.'

ಮಾಣಿ ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದ. ದೊಡ್ಡಪ್ಪ ಮಾತಾಡದೆ ಸಂಚಿ ಬಿಚ್ಚಿ ಸುಣ್ಣದ ಡಬ್ಬಿಯನ್ನು ಅವನತ್ತ ದೂಡಿದರು, ಉಂಬಳಕ್ಕೆ.