ಮಿಸ್ಸಿಂಗ್ ಮೀಮಾಂಸೆ: ಆವರಗೆರೆ–ಹರಿಹರ ಮಾರ್ಗವನ್ನು ಅನುಲಕ್ಷಿಸಿ

ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ ಎಂಬುದು ನ್ಯಾಯಶಾಸ್ತ್ರದ ಮೊದಲ ಪಾಠ. ಚಾರ್ವಾಕರನ್ನು ಬಿಟ್ಟರೆ ಹೆಚ್ಚು ಜನ ತಕರಾರು ತೆಗೆಯದ ಈ ವ್ಯಾಪ್ತಿಯನ್ನು ದಾವಣಗೆರೆಯ ಆವರಗೆರೆಯ ಒಂದು ಪ್ರೀಮಿಯರ್ ಪದ್ಮಿನಿ ಕಾರು ಬೆಳಗಿನ ಹಾಲಿನ ಹೊತ್ತಿಗೇ ಮುರಿದು ಹಾಕಿತು. ಸೈಲೆನ್ಸರಿನ ತುಂಬ ಹೊಗೆ, ಹಸಿ ಪೆಟ್ರೋಲಿನ ವಾಸನೆ. ಒಂದು ಸಿಲಿಂಡರಿನಲ್ಲಿ ಮಾತ್ರ ಬೆಂಕಿಯ ಸುಳಿವಿಲ್ಲ. ಇದು ವಿರುದ್ಧವೆಂಬ ಹೇತ್ವಾಭಾಸಕ್ಕೆ ತಕ್ಕ ಉದಾಹರಣೆ: ಬೆಂಕಿಯಿದೆ ಎಂದು ಸಾಧಿಸಬೇಕಾದ ಹೊಗೆಯೇ ಬೆಂಕಿಯಿಲ್ಲ ಎಂದು ಸಾಧಿಸುತ್ತಿತ್ತು. ಉಳಿದ ಮೂರು ಸಿಲಿಂಡರುಗಳು ಉರಿಯುತ್ತಿದ್ದವಲ್ಲ ಎಂದು ಪೂರ್ವಪಕ್ಷಿಗಳು ಆಕ್ಷೇಪಿಸಬಹುದು. ಅಂಥವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಒಂದು ಸುತ್ತು ಹೊಡೆಸಿದರೆ ಆಕ್ಷೇಪ ತಾನೇ ಕಳಚಿ ಬೀಳುತ್ತದೆ.

ಮೊದಲು ಲಕ್ಷಣ ಹೇಳಬೇಕಾದದ್ದು ಶಾಸ್ತ್ರಧರ್ಮ. ಪದ್ಮಿನಿಯ 1089 ಸಿಸಿ ಎಂಜಿನ್ನಿನ ನಾಲ್ಕು ಸಿಲಿಂಡರುಗಳು 1-3-4-2 ಎಂಬ ಕ್ರಮದಲ್ಲಿ ಉರಿಯತಕ್ಕದ್ದು. ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ ಸೆಕೆಂಡಿಗೆ 100 ಕಿಡಿ ಹಾರಬೇಕು. ಇವುಗಳಲ್ಲಿ ಒಂದು ಪಂಕ್ತಿ ತಪ್ಪಿಸಿ ಗಾಡಿ ನಡುಗಿದರೆ ಅದು ‘ಮಿಸ್ಸಿಂಗ್’. ಕಿಡಿಯೆಲ್ಲ ಸರಿಯಿದ್ದೂ ಆಕ್ಸಿಲರೇಟರ್ ಒತ್ತಿದೊಡನೆ ಎಂಜಿನ್ನು ಹಿರಿಯರನ್ನು ಕೇಳಿ ಬರುತ್ತೇನೆ ಎಂಬಂತೆ ತಡವರಿಸಿದರೆ ಅದು ‘ಪಿಕಪ್ ಇಲ್ಲ’. ಎರಡೂ ಒಂದೇ ಗಾಡಿಯಲ್ಲಿ ನೆಲೆಸಿದಾಗ ಅದಕ್ಕೆ ‘ಮಾರಿಬಿಡ್ರಿ’ ಎಂದು ಹೆಸರು. ಇದು ಲಕ್ಷಣವಲ್ಲ, ಉಪದೇಶ.

ಕಾರಣದ ವಿಷಯದಲ್ಲಿ ದಾವಣಗೆರೆಯ ಪಂಡಿತರು ಎರಡು ಮತಗಳಾಗಿ ಒಡೆದಿದ್ದಾರೆ. ಪ್ಲಗ್ಗು, ಪಾಯಿಂಟು, ಕಂಡೆನ್ಸರು, ಕಾಯಿಲ್ಲು, ಡಿಸ್ಟ್ರಿಬ್ಯೂಟರ್ ಕ್ಯಾಪು, ಇವುಗಳಿಂದಲೇ ಜಗತ್ತಿನ ಸಕಲ ದುಃಖವೂ ಹುಟ್ಟುತ್ತದೆ ಎನ್ನುವುದು ಕರೆಂಟು ಮತ. ಟ್ಯಾಂಕಿನ ಕಸ, ಪಂಪಿನ ರಬ್ಬರು, ಫ್ಲೋಟು, ಕಾರ್ಬೊರೇಟರಿನ ಜೆಟ್ಟು, ಇವನ್ನು ಬಿಟ್ಟರೆ ಬೇರೆ ಕಾರಣವೇ ಇಲ್ಲ ಎನ್ನುವುದು ಪೆಟ್ರೋಲು ಮತ. ಗಾಡಿ ನಿಂತಲ್ಲೆಲ್ಲ ಉಭಯ ಮತಸ್ಥರೂ ಹಾಜರು. ‘ಯಜಮಾನ್ರೆ, ಇದು ಪಕ್ಕಾ ಕರೆಂಟಿನ ತ್ರಾಸು’ ಎನ್ನುತ್ತಾರೆ ಒಬ್ಬರು. ‘ಬಿಡ್ರಿ ಕಾಕಾ, ಟ್ಯಾಂಕಿನಾಗೆ ಕಸ ಐತಿ, ಊದಿಸ್ರಿ’ ಎನ್ನುತ್ತಾರೆ ಇನ್ನೊಬ್ಬರು. ಬಾನೆಟ್ ತೆರೆಯುವ ಮೊದಲೇ ತೀರ್ಪು ಹೊರಬಿದ್ದಿರುತ್ತದೆ. ಇಂಥ ಆಪ್ತವಾಕ್ಯಗಳನ್ನು ಪ್ರಮಾಣವೆಂದು ನಂಬಿ ಹೊಸ ಕಾಯಿಲ್ಲು ಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ.

ಈ ವಿವಾದಕ್ಕೆ ಪರಿಹಾರ ಊರಿನಿಂದ ಪಡುವಣಕ್ಕೆ ಸ್ವಲ್ಪ ದೂರದಲ್ಲೇ ಇದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ತುಂಗಭದ್ರೆಯ ದಂಡೆಯಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದಲ್ಲಿ ಮೂರ್ತಿ ಒಂದೇ. ಬಲಭಾಗ ಶಿವ, ಎಡಭಾಗ ವಿಷ್ಣು. ಸ್ಥಳಪುರಾಣದ ಗುಹಾಸುರನಿಗೆ ಹರಿಯಿಂದಲೂ ಹರನಿಂದಲೂ ಸಾವಿಲ್ಲವೆಂಬ ವರವಿತ್ತು, ಆದ್ದರಿಂದ ಇಬ್ಬರೂ ಒಂದೇ ದೇಹವಾಗಿ ಬರಬೇಕಾಯಿತು. ಪ್ರಸ್ತುತ ಸಂಶೋಧಕನ ಮಹಾಪ್ರಮೇಯ ಇಷ್ಟೇ: ಪೋಷಿಸುವ ಪೆಟ್ರೋಲು ಹರಿ, ಹಣೆಗಣ್ಣಿನ ಕಿಡಿ ಹರ, ಮಿಸ್ಸಿಂಗೇ ಗುಹಾಸುರ. ಒಬ್ಬನನ್ನೇ ಹಿಡಿದು ಪೂಜಿಸುವವರ ಗಾಡಿ ಹರಿಹರದ ದಾರಿಯಲ್ಲಿನ ಬಾತಿಯನ್ನೂ ದಾಟುವುದಿಲ್ಲ. ಪೋಲಾಳ್ವನಿಗೆ ಕಾರ್ಬೊರೇಟರಿನ ಪರಿಚಯ ಇರಲಿಲ್ಲವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

ಕ್ಷೇತ್ರಕಾರ್ಯಕ್ಕೂ ಇದೇ ದಾರಿ ಪ್ರಶಸ್ತ. ದಾವಣಗೆರೆಯಿಂದ ಹರಿಹರ ಸುಮಾರು 14 ಕಿಲೋಮೀಟರ್, ಅಂದರೆ ಎಂಜಿನ್ನೂ ಕಾಯಿಲ್ಲೂ ಚೆನ್ನಾಗಿ ಕಾಯುವಷ್ಟು ದೂರ. ಹಳೆಯ ಕಾಯಿಲ್ಲು, ಕಂಡೆನ್ಸರುಗಳ ದೋಷ ತಣ್ಣಗಿದ್ದಾಗ ಅಡಗಿ ಕೂತು ಬಿಸಿಯಾದಾಗ ಎದ್ದು ಬರುತ್ತದೆ. ಚೈತ್ರದ ಬಿಸಿಲಿನಲ್ಲಿ ಪೈಪಿನೊಳಗಿನ ಪೆಟ್ರೋಲೇ ಆವಿಯಾಗಿ ದಾರಿ ಕಟ್ಟುವುದೂ ಉಂಟು. ಗಾಡಿ ನಿಂತು, ಮೇಸ್ತ್ರಿಗೆ ಫೋನು ಹೋಗಿ, ಅವರು ಬೈಕಿನಲ್ಲಿ ಬರುವಷ್ಟರಲ್ಲಿ ಎಲ್ಲ ತಣ್ಣಗಾಗಿ ಒಂದೇ ಸೆಲ್ಫ್ ಸ್ಟಾರ್ಟಿಗೆ ಗುರ್ ಎನ್ನುತ್ತದೆ. ‘ಮೇಸ್ತ್ರಿಯ ಮುಂದೆ ಗಾಡಿ ಮಿಸ್ ಹೊಡೆಯುವುದಿಲ್ಲ’ ಎಂಬ ಲೋಕಪ್ರಸಿದ್ಧ ಸೂತ್ರದಲ್ಲಿ ದೆವ್ವವಿಲ್ಲ, ಶಾಖವಿದೆ. ಭಾರದ ಪರೀಕ್ಷೆಗೆ ಭತ್ತ ತುಂಬಿದ ಟ್ರಾಕ್ಟರನ್ನು ಹಿಂದೆ ಹಾಕಲು ಹೊರಟರೆ ಸಾಕು. ಐಡ್ಲಿಂಗ್ ಪರೀಕ್ಷೆಗೆ ಅಶೋಕ ಟಾಕೀಸ್ ಬಳಿಯ ರೈಲ್ವೆ ಗೇಟಿಗಿಂತ ದೊಡ್ಡ ಪ್ರಯೋಗಶಾಲೆ ಈ ನಗರದಲ್ಲಿ ಇರಲಿಲ್ಲ. ಗೇಟು ಬಿದ್ದಾಗಲೆಲ್ಲ ಯಾರ ಗಾಡಿ ನಡುಗುತ್ತದೆಂದು ಇಡೀ ಊರೇ ನೋಡುತ್ತಿತ್ತು.

ಇನ್ನು ಅನ್ವಯ-ವ್ಯತಿರೇಕ. ತರ್ಕಶಾಸ್ತ್ರದಲ್ಲಿ ಇದನ್ನು ಉರು ಹೊಡೆದವರಿಗಿಂತ ಗ್ಯಾರೇಜಿನ ಹುಡುಗನಿಗೆ ಇದು ಚೆನ್ನಾಗಿ ಗೊತ್ತು. ಎಂಜಿನ್ನು ಓಡುತ್ತಿರುವಾಗಲೇ ಪ್ಲಗ್ಗಿನ ವಯರುಗಳನ್ನು ಒಂದೊಂದಾಗಿ ಕೀಳುತ್ತಾನೆ, ರಬ್ಬರ್ ಹಿಡಿಯ ಇಕ್ಕಳದಿಂದ. ಬರಿಗೈಯಿಂದ ಕಿತ್ತವರಿಗೆ ಸಾವಿರಾರು ವೋಲ್ಟಿನ ಪ್ರತ್ಯಕ್ಷ ಪ್ರಮಾಣ ಸಿಗುತ್ತದೆ, ಬೇರೆ ಪ್ರಮಾಣ ಬೇಕೆನಿಸುವುದಿಲ್ಲ. ನಮ್ಮ ಪದ್ಮಿನಿಯಲ್ಲಿ ಒಂದನೆಯದನ್ನು ಕಿತ್ತಾಗ ಎಂಜಿನ್ನು ಕುಗ್ಗಿತು, ಎರಡನೆಯದಕ್ಕೂ ಕುಗ್ಗಿತು, ನಾಲ್ಕನೆಯದಕ್ಕೂ ಅಷ್ಟೇ. ಮೂರನೆಯದನ್ನು ಕಿತ್ತಾಗ ಅದಕ್ಕೆ ಗೊತ್ತೇ ಆಗಲಿಲ್ಲ. ಆಗ ಮೂರನೆಯದರ ಪ್ಲಗ್ಗನ್ನು ಎರಡಕ್ಕೆ, ಎರಡರದ್ದನ್ನು ಮೂರಕ್ಕೆ ಹಾಕಿದ. ರೋಗ ಮೂರರಲ್ಲೇ ಉಳಿಯಿತು, ಪ್ಲಗ್ಗು ನಿರಪರಾಧಿ. ವಯರುಗಳನ್ನು ಅದಲು ಬದಲು ಮಾಡಿದ. ರೋಗ ಎರಡಕ್ಕೆ ನಡೆದುಹೋಯಿತು. ಕಳ್ಳ ಸಿಕ್ಕಿಬಿದ್ದ. ಎಷ್ಟು ಬದಲಿಸಿದರೂ ರೋಗ ಜಾಗ ಬಿಟ್ಟು ಕದಲದಿದ್ದರೆ ಕಂಪ್ರೆಷನ್ ನೋಡಬೇಕು: ಸುಟ್ಟ ವಾಲ್ವು, ಬಿಗಿಯಾದ ಟ್ಯಾಪೆಟ್ಟು, ಒಡೆದ ಹೆಡ್ ಗ್ಯಾಸ್ಕೆಟ್ಟು. ‘ಹೆಡ್ ಇಳಿಸ್ಬೇಕ್ರಿ’ ಎಂಬ ವಾಕ್ಯದ ಅರ್ಥವಿಚಾರವನ್ನು ಪ್ರಬಂಧದ ವ್ಯಾಪ್ತಿಯಿಂದ ಕೈಬಿಡಲಾಗಿದೆ.

ಕಳಚಿದ ಪ್ಲಗ್ಗುಗಳನ್ನು ಶಾಸನಗಳಂತೆ ಓದುವುದು ಸಂಪ್ರದಾಯ. ತುದಿ ಬಿಸ್ಕತ್ತಿನ ಬಣ್ಣವಾದರೆ ಕ್ಷೇಮ. ಒಣ ಮಸಿಯಿದ್ದರೆ ಪೆಟ್ರೋಲು ಜಾಸ್ತಿ. ಬಿಳಿಚಿದ್ದರೆ ಗಾಳಿ ಜಾಸ್ತಿ. ಎಣ್ಣೆ ಜಿನುಗುತ್ತಿದ್ದರೆ ರಿಂಗೋ ವಾಲ್ವ್ ಗೈಡೋ ಸವೆದಿದೆ, ಮನೆಯಲ್ಲಿ ದುಡ್ಡಿನ ಮಾತು ತೆಗೆಯುವ ಕಾಲ ಬಂದಿದೆ. ಗ್ಯಾಪಿನ ಅಳತೆಯಲ್ಲಿ ಮಾತ್ರ ಪಾಠಾಂತರವಿದೆ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರಿನಲ್ಲಿ ಲೇತ್ ಮಾಡಿ ಕೈ ಪಳಗಿದ ತಲೆಮಾರಿಗೆ ಫೀಲರ್ ಗೇಜಿಲ್ಲದೆ ಪ್ಲಗ್ಗು ಮುಟ್ಟುವುದೇ ಮೈಲಿಗೆ. ಆವರಗೆರೆ ಶಾಖೆಯವರು ಹ್ಯಾಕ್ಸಾ ಬ್ಲೇಡಿನ ತುಂಡು ತೂರಿಸಿ ನೋಡುತ್ತಾರೆ. ಆ ಬ್ಲೇಡಿನ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಹಳೆಯ ಗಾಡಿಗೆ ಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ. ಕಿರ್ಲೋಸ್ಕರ್ ಶಾಖೆಯವರು ಇದನ್ನು ಇಂದಿಗೂ ಒಪ್ಪಿಲ್ಲ.

ವಯರು ಬದಲಾಯಿತು, ನಡುಕ ನಿಂತಿತು, ತಡವರಿಕೆ ನಿಲ್ಲಲಿಲ್ಲ. ಕರೆಂಟು ಮತದವರು ಬೀಗಿ ಮುಗಿಸುವ ಮೊದಲೇ ಪೆಟ್ರೋಲು ಮತದವರು ಮೇಲೆದ್ದರು. ಪೆಡಲ್ ಒತ್ತಿದಾಗ ಗಾಳಿ ಓಡಿ ಬರುತ್ತದೆ, ಪೆಟ್ರೋಲು ನಡೆದು ಬರುತ್ತದೆ. ಈ ಅಂತರ ತುಂಬಲೆಂದೇ ಕಾರ್ಬೊರೇಟರಿನಲ್ಲಿ ಒಂದು ಪುಟ್ಟ ಪಂಪಿದ್ದು, ಒತ್ತಿದ ಕ್ಷಣ ಒಂದು ಚಿಮುಕು ಹೆಚ್ಚಿಗೆ ಚಿಮ್ಮಿಸುತ್ತದೆ. ಎಂಜಿನ್ನು ಆರಿಸಿ, ಏರ್ ಕ್ಲೀನರ್ ತೆಗೆದು, ಬೀಡಿ ಸೇದುವವರನ್ನು ದೂರ ನಿಲ್ಲಿಸಿ ಒಳಗೆ ಇಣುಕಿ ಆಕ್ಸಿಲರೇಟರ್ ಎಳೆದರೆ ಧಾರೆ ಕಾಣಬೇಕು. ಕಾಣಲಿಲ್ಲ. ಪಂಪಿನ ರಬ್ಬರ್ ಪೊರೆ ಹರಿದಿತ್ತು. ಇಲ್ಲಿಯೂ ಒಂದು ಸ್ಥಳೀಯ ವಾದವಿದೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್, ಅದು ಕಬ್ಬಿನಿಂದಲೂ ಬರುತ್ತದೆ, ಮೆಕ್ಕೆಜೋಳದಿಂದಲೂ ಬರುತ್ತದೆ. ಎಥೆನಾಲಿಗೆಂದು ಮಾಡದ ಹಳೆಯ ರಬ್ಬರು ಅದಕ್ಕೆ ಉಬ್ಬಿ ಕೆಡುತ್ತದೆ. ಎಥೆನಾಲಿನಲ್ಲಿರುವ ಆಮ್ಲಜನಕದಿಂದಾಗಿ ಹಳೆಯ ಜೆಟ್ಟಿನ ಲೆಕ್ಕದಲ್ಲಿ ಮಿಶ್ರಣ ತೆಳುವಾಗುತ್ತದೆ. ಮೆಕ್ಕೆಜೋಳವನ್ನು ಲಾರಿಗಟ್ಟಲೆ ಬೆಳೆಯುವ ಜಿಲ್ಲೆ ನಮ್ಮದು. ನಮ್ಮದೇ ಹೊಲದ್ದನ್ನು ಕುಡಿದು ನಮ್ಮದೇ ರಸ್ತೆಯಲ್ಲಿ ತೂರಾಡುವ ಗಾಡಿಯನ್ನು ಬಯ್ಯುವ ನೈತಿಕ ಅಧಿಕಾರ ಯಾರಿಗಿದೆಯೆಂಬುದು ಪ್ರತ್ಯೇಕ ಸಂಶೋಧನೆಗೆ ವಸ್ತು.

ಪೊರೆಯೂ ಬದಲಾಯಿತು. ಪದ್ಮಿನಿ ಹರಿಹರದ ಸೇತುವೆ ಮುಟ್ಟಿ ಒಂದೇ ಉಸಿರಿನಲ್ಲಿ ವಾಪಸು ಬಂತು. ಇನ್ನು ಗೆದ್ದವರು ಯಾರೆಂಬ ಪ್ರಶ್ನೆ. ವಯರು ಮೊದಲು ಬದಲಾದದ್ದರಿಂದ ಅದೇ ಮೂಲಕಾರಣವೆಂದರು ಒಬ್ಬರು. ಕೊನೆಗೆ ಗುಣಪಡಿಸಿದ್ದು ಪೊರೆ, ಆದ್ದರಿಂದ ಅದೇ ನಿಜವಾದ ಕಾರಣವೆಂದರು ಇನ್ನೊಬ್ಬರು. ಮಧ್ಯಸ್ಥಿಕೆಗೆ ಮೇಸ್ತ್ರಿಯನ್ನು ಕರೆಯೋಣವೆಂದರೆ ಅವರ ತಲೆ ಅದಾಗಲೇ ಪಕ್ಕದ ಅಂಬಾಸಿಡರಿನ ಬಾನೆಟ್ಟಿನೊಳಗಿತ್ತು. ಎರಡೂ ಮತದವರು ಕುರ್ಚಿ ಎಳೆದುಕೊಂಡು ಅತ್ತ ಸರಿದರು. ಅದು ಡೀಸೆಲ್ ಗಾಡಿ, ಅದರಲ್ಲಿ ಕಿಡಿ ಹಾರಿಸುವ ಪ್ಲಗ್ಗೇ ಇಲ್ಲವೆಂದು ಹುಡುಗ ಹೇಳಿದ ಮೇಲೆ ಕರೆಂಟು ಮತದವರು ಎದ್ದು ಮಂಡಕ್ಕಿ-ಮಿರ್ಚಿ ತಿನ್ನಲು ಹೋದರು.